ಮೊಣಕಾಲೂರುವ ಕೆಲಸ

ನಾನು ಮನೆಗಳ ನೆಲಕ್ಕೆ ಫರಶಿಕಲ್ಲು ಕೂಡಿಸುವ ಗವಂಡಿ. ವಿಜಯಪುರದ ಕಡೆಯಿಂದ ಗೋವಾಕ್ಕೆ ಬಂದು ಇಪ್ಪತ್ತೈದು ವರ್ಷವಾಯಿತು. ಅಷ್ಟೂ ವರ್ಷ ಮೊಣಕಾಲ ಮೇಲೆಯೇ ಕಳೆದಿದ್ದೇನೆ. ಗೋಡೆ ಕಟ್ಟುವವನು ನಿಂತು ದುಡಿಯುತ್ತಾನೆ, ಬಣ್ಣ ಹಚ್ಚುವವನೂ ನಿಂತೇ ದುಡಿಯುತ್ತಾನೆ. ನಾವು ಮಾತ್ರ ಗೋಣಿಚೀಲ ಮಡಿಚಿ ಮೊಣಕಾಲ ಕೆಳಗೆ ಹಾಕಿಕೊಂಡು ಬಾಗಿಲ ಕಡೆಗೆ ಹಿಂದಹಿಂದಕ್ಕೆ ಸರಿಯುತ್ತ ಹೋಗುವವರು. ಮನೆ ಕಟ್ಟಿಸುವವರಿಗೆ ನಮ್ಮ ಮುಖಕ್ಕಿಂತ ಬೆನ್ನಿನ ಪರಿಚಯವೇ ಹೆಚ್ಚು.

ಕೂಡಿಸಿದ ಮೇಲೆ, ಸಿಮೆಂಟು ಹಚ್ಚುವ ಕರಣಿಯ ಹಿಡಿಕೆಯಿಂದ ಒಂದೊಂದು ಫರಶಿಯನ್ನೂ ಬಡಿದು ನೋಡಬೇಕು. ಅಡಿಯಲ್ಲಿ ಸಿಮೆಂಟು ಸರಿಯಾಗಿ ತುಂಬಿದ್ದರೆ ದನಿ ಗಟ್ಟಿಯಾಗಿ ಬರುತ್ತದೆ, ಇಲ್ಲದಿದ್ದರೆ ಟೊಳ್ಳು. ಟೊಳ್ಳು ದನಿ ಬಂದದ್ದನ್ನು ಕಿತ್ತು ಮತ್ತೆ ಕೂಡಿಸದೆ ನಾನು ಎಂದೂ ಮೇಲೆ ಎದ್ದವನಲ್ಲ. ಜಂಬ ಅನ್ನಿ, ಒಪ್ಪುತ್ತೇನೆ. ನನಗಿದ್ದದ್ದು ಅದೊಂದೇ.

ಎರಡು ವರ್ಷದ ಹಿಂದೆ ಬಲಗಾಲು ಸಂಜೆಗೆ ಊದತೊಡಗಿತು. ಮೋತಿ ಡೊಂಗರಿನ ನಮ್ಮ ಮನೆಗೆ ಗುಡ್ಡ ಹತ್ತುವಾಗ ಅರ್ಧ ದಾರಿಯಲ್ಲಿ ಯಾರದೋ ಕಟ್ಟೆಯ ಮೇಲೆ ಕೂರುತ್ತಿದ್ದೆ. ಹೆಂಡತಿ ಎಣ್ಣೆ ತಿಕ್ಕಿದಳು, ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದಳು, ಕೊನೆಗೆ ಬೈದು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರು ಒಳ್ಳೆಯವರು. ಎಕ್ಸ್‌ರೇ ಫೋಟೋ ತೆಗೆಸಿ ಹಿಂದಿಯಲ್ಲಿ ಬಿಡಿಸಿ ಹೇಳಿದರು: ಎರಡು ಎಲುಬಿನ ನಡುವಿನ ಮೆತ್ತೆ ಸವೆದಿದೆ. ಮೊಣಕಾಲೂರುವುದನ್ನು ಬಿಡಿ, ತೂಕ ಇಳಿಸಿ, ತೊಡೆ ಗಟ್ಟಿಯಾಗುವ ವ್ಯಾಯಾಮ ಮಾಡಿ, ಬೇಕಾದಾಗ ಗುಳಿಗೆ ತಗೊಳ್ಳಿ. ಆಗದಿದ್ದರೆ ಇಂಜೆಕ್ಷನ್ ಇದೆ. ಆಪರೇಷನ್ ಕಟ್ಟಕಡೆಯ ಮಾತು.

ನಾನು ಅವರ ಮಾತನ್ನು ನನಗೆ ಬೇಕಾದಂತೆ ಕೇಳಿಸಿಕೊಂಡೆ. ಟವೆಲ್ ಸುತ್ತಿ ಮೊಣಕಾಲ ಕೆಳಗಿಟ್ಟು ಒತ್ತುವ ವ್ಯಾಯಾಮ ಎಂಟು ದಿನ ನಡೆಯಿತು. ಹೆಂಡತಿ ನಕ್ಕಳು. ‘ಇಷ್ಟು ವರ್ಷ ಭೂಮಿ ಒತ್ತಿದ್ದು ಸಾಲಲಿಲ್ಲೇನ್ರಿ, ಈಗ ಟವೆಲ್ ಒತ್ತಾಕತ್ತೀರಿ?’ ಮೊಣಕಾಲ ಪಟ್ಟಿಯನ್ನೂ ತಂದೆ. ನಡೆಯುವಾಗ ಹಾಕಿಕೊಳ್ಳಲಿಕ್ಕೆ ಡಾಕ್ಟರು ಬರೆದುಕೊಟ್ಟದ್ದನ್ನು ಗೋಣಿಚೀಲದ ಬದಲು ಹಾಕಿಕೊಂಡು ಅದರ ಮೇಲೇ ಕುಳಿತು ಕೆಲಸ ಮಾಡಿದೆ.

ಆಮೇಲೆ ಇಂಜೆಕ್ಷನ್. ಇದು ನೋವು ತಗ್ಗಿಸುತ್ತದೆ, ಸವೆದದ್ದನ್ನು ತುಂಬುವುದಿಲ್ಲ, ಕಾಲಿಗೆ ವಿಶ್ರಾಂತಿ ಕೊಡಿ ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಆದರೆ ನಮ್ಮ ಮಂದಿಗೆ ಸೂಜಿ ಚುಚ್ಚಿಸಿಕೊಂಡರೆ ರೋಗ ಮುಗಿದಂತೆಯೇ. ಜ್ವರ ಬಂದರೆ ಸಂಜೆ ಸೂಜಿ, ಮುಂಜಾನೆ ಕೆಲಸ. ನಾವು ಬೆಳೆದದ್ದೇ ಹಾಗೆ. ಐದನೆಯ ದಿನಕ್ಕೆ ನೋವು ಮಂಗಮಾಯ. ಫಾತೋರ್ಡಾದಲ್ಲಿ ಒಂದು ಫ್ಲ್ಯಾಟು ಅರ್ಧಕ್ಕೆ ನಿಂತಿತ್ತು. ಹೋದೆ. ಮೂರು ವಾರ ಮೊಣಕಾಲೂರಿ ಮೂರು ಕೋಣೆ ಮುಗಿಸಿದೆ. ಇಪ್ಪತ್ತರ ಹುಡುಗನಂತೆ ದುಡಿದೆ, ಹಾಡಿಕೊಂಡು ದುಡಿದೆ. ನೋವೆಂಬುದು ನನ್ನನ್ನು ಕಾಯುತ್ತಿದ್ದ ನಾಯಿ. ಅದಕ್ಕೆ ಮದ್ದು ಹಾಕಿ ಮಲಗಿಸಿದ್ದೇನೆ ಎಂದು ನನಗೆ ಹೊಳೆಯಲೇ ಇಲ್ಲ.

ನಾಲ್ಕನೆಯ ವಾರ ಅಡುಗೆಮನೆಯ ಫರಶಿ ಕೂಡಿಸುತ್ತಿದ್ದಾಗ ಏಳಲು ಹೋದೆ, ಏಳಲಾಗಲಿಲ್ಲ. ಇಬ್ಬರು ಹೊತ್ತು ರಿಕ್ಷಾಕ್ಕೆ ಹಾಕಿದರು.

ಹೊಸ ಫೋಟೋದಲ್ಲಿ ಎಲುಬಿಗೆ ಎಲುಬು ತಾಗಿತ್ತು. ಸವೆಯುವುದು ಹೇಗೂ ಸವೆಯುತ್ತಿತ್ತು, ನೀವು ದಾರಿ ಹತ್ತಿರ ಮಾಡಿಕೊಂಡಿರಿ ಎಂದರು ಡಾಕ್ಟರು. ಸಣ್ಣ ತೂತು ಹಾಕಿ ಒಳಗೆ ತೊಳೆಯುವುದರಿಂದ ಉಪಯೋಗವಿಲ್ಲ, ಕೀಲನ್ನೇ ಬದಲಿಸಬೇಕು ಎಂದರು. ನಾನು ಕೇಳಿದ್ದು ಒಂದೇ ಪ್ರಶ್ನೆ: ಹೊಸ ಕೀಲು ಹಾಕಿದ ಮೇಲೆ ಫರಶಿ ಕೂಡಿಸಬಹುದೇ?

ಅವರು ಪೆನ್ನು ಕೆಳಗಿಟ್ಟರು. ನಡೆಯುತ್ತೀರಿ, ಮೆಟ್ಟಿಲು ಹತ್ತುತ್ತೀರಿ, ರಾತ್ರಿ ನಿದ್ದೆ ಮಾಡುತ್ತೀರಿ. ಮೊಣಕಾಲೂರುವ ಕೆಲಸ ಮರೆತುಬಿಡಿ ಎಂದರು. ಕುಕ್ಕರಗಾಲಲ್ಲಿ ಕೂರುವಂತಿಲ್ಲ, ಆಪರೇಷನ್‌ಗೆ ಮೊದಲೇ ಮನೆಯಲ್ಲಿ ಕಮೋಡ್ ಕೂಡಿಸಿ ಎಂದೂ ಹೇಳಿದರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಗುಡ್ಡ ಇಳಿದರೆ ನಾನು ಕೂಡಿಸಿದ ಬಚ್ಚಲುಮನೆಗಳು ಎಷ್ಟೋ ಇವೆ. ನನ್ನ ಮನೆಯದನ್ನು ಮಾತ್ರ ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ಬಿಟ್ಟಿದ್ದೆ. ಈಗ ಅದಕ್ಕೆ ಬೇರೊಬ್ಬ ಗವಂಡಿಯನ್ನು ಕರೆಸಬೇಕಾಯಿತು.

ಆತ ನಮ್ಮ ಕಡೆಯವನೇ, ಚಿಂಬಲ್‌ನಿಂದ ಬಂದ. ನಾನು ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕುಳಿತೆ. ಅವನು ಮೊಣಕಾಲೂರಿದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹೊಟ್ಟೆ ಉರಿಯಿತು. ಎಷ್ಟು ಸಲೀಸಾಗಿ ಮಡಿಚಿಕೊಂಡವು ಅವನ ಕಾಲುಗಳು!

‘ಬಡದ್ ನೋಡಪಾ ತಮ್ಮಾ,’ ಎಂದೆ.

‘ಎಲ್ಲಾ ಗಟ್ಟಿ ಕುಂತಾವ್ರಿ ಕಾಕಾ. ನೀವು ಆರಾಮ ಕೂಡ್ರಿ.’

ಅವನು ಹೋಗಿ ಎರಡು ದಿನದ ಮೇಲೆ, ಹೆಂಡತಿ ನೀರಿಗೆ ಹೋದಾಗ, ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ಊರುಗೋಲು ಹಿಡಿದು ಬಚ್ಚಲಿಗೆ ಹೋದೆ. ಕೋಲಿನ ತುದಿಯಿಂದ ಒಂದೊಂದನ್ನೇ ಬಡಿದೆ. ಕಮೋಡ್‌ನ ಎಡಕ್ಕಿದ್ದ ಒಂದು ಫರಶಿ ಟೊಳ್ಳು. ನನಗೆ ಏನನ್ನಿಸಿತೋ, ಕೋಲು ಬಿಟ್ಟು, ಮೂಲೆಯಲ್ಲಿದ್ದ ನನ್ನ ಕರಣಿ ಹಿಡಿದು ನೆಲಕ್ಕೆ ಮೊಣಕಾಲೂರಿದೆ. ಅಂಚಿಗೆ ಕರಣಿ ಹಚ್ಚುವ ಮೊದಲೇ ಕಾಲು ಸಿಡಿದು ಕಣ್ಣಿಗೆ ಕತ್ತಲೆ ಬಂತು. ಹೆಂಡತಿ ಕೊಡ ಹೊತ್ತು ಬಂದಾಗ ನಾನು ಗೋಡೆಗೆ ತಲೆ ಹಚ್ಚಿ ಅಳುತ್ತ ಕುಳಿತಿದ್ದೆ.

ಅವಳು ಬೈಯಲಿಲ್ಲ. ಕಂಕುಳಲ್ಲಿ ಕೈಹಾಕಿ ಎತ್ತಿದಳು. ಕರಣಿಯನ್ನು ತೊಳೆದು ಒರೆಸಿ ಅಟ್ಟದ ಮೇಲಿಟ್ಟಳು, ನನ್ನ ಕೈಗೆ ಎಟುಕದಷ್ಟು ಒಳಗೆ.

‘ಒಂದ್ ಫರಶಿ ಟೊಳ್ಳ ಐತಿ,’ ಎಂದೆ.

‘ಇರಲಿ ಬಿಡ್ರಿ,’ ಎಂದಳು. ‘ಅದರ ಮ್ಯಾಲ ಕಾಲಿಡದ ನಡದ್ರಾತು.’

ಬರುವ ಸೋಮವಾರ ಆಪರೇಷನ್. ನಡೆಯುತ್ತೀರಿ ಎಂದು ಎಲ್ಲರೂ ಧೈರ್ಯ ಹೇಳುತ್ತಾರೆ. ನಡೆದು ಎಲ್ಲಿಗೆ ಹೋಗಲಿ ಎಂದು ಯಾರೂ ಹೇಳುವುದಿಲ್ಲ.