ಬೇಲಿಯಾಚೆ ನಿಂತಿದ್ದ ಹುಲ್ಲಿನ ಗಾಡಿ

ಒಂದು ಕಪ್ ಚಹಾಕ್ಕೆ ನನ್ನ ಹುಲ್ಲಿನ ಗುತ್ತಿಗೆ ಹೋಯಿತು. ಚಹಾ ಕುಡಿಸಿದವನೂ ನಾನೇ, ಬಾಯಿ ಬಿಟ್ಟವನೂ ನಾನೇ.

ಎಪ್ಪತ್ತರ ದಶಕದ ಮಾತು. ಬಳ್ಳಾರಿ ಹೊರಗಿನ ವಿಮಾನ ಮೈದಾನದ ಹುಲ್ಲನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತಿದ್ದರು. ನಾನದನ್ನು ಹಿಡಿದು, ಕೊಯ್ಯಿಸಿ, ಎಮ್ಮೆ ಕಟ್ಟಿದವರಿಗೆ ಮಾರುತ್ತಿದ್ದೆ. ಕುರುಗೋಡಿನಿಂದ ಬರಿಗೈಲಿ ಬಂದವನಿಗೆ ಅದೇ ಮೊದಲ ನೆಲೆ.

ಒಂದು ಮುಂಜಾನೆ ಮಿಲಿಟರಿಯ ಎರಡು ಜೆಟ್ಟುಗಳು ಜೋಡಿಯಾಗಿ ಹಾರಲು ಸಜ್ಜಾದವು. ನಮ್ಮನ್ನೂ ಗಾಡಿಯನ್ನೂ ಮೊದಲೇ ಬೇಲಿಯಾಚೆ ಕಳಿಸಿದ್ದರು. ನೆಲ ಬಿಟ್ಟ ಕೂಡಲೇ ಹಿಂದಿನದು ಗಾಳಿಗೆ ವಾಲಿತು. ಅದರ ರೆಕ್ಕೆ ಮುಂದಿನದಕ್ಕೆ ತಾಗಿಯೇ ಬಿಟ್ಟಿತು ಅನ್ನುವಷ್ಟರಲ್ಲಿ ಪಕ್ಕಕ್ಕೆ ಹೊರಳಿ ಮೇಲೆ ಹೋಯಿತು. ನಾನು ಬೆದರಿದ ಎತ್ತುಗಳ ಹಗ್ಗ ಜಗ್ಗಿ ಹಿಡಿದೆ.

ಮರುದಿನ ಪತ್ರಿಕೆಯೊಂದರ ವರದಿಗಾರ ನನ್ನನ್ನು ಹುಡುಕಿಕೊಂಡು ಬಂದ. ಹೋಟೆಲಿಗೆ ಕರೆದೊಯ್ದು, ಚಹಾ ಕುಡಿಸಿ, ಕಂಡದ್ದೆಲ್ಲ ಹೇಳಿದೆ. ಗಾಡಿ ಬೇಲಿಯಾಚೆ ಇತ್ತೆಂದು ಎರಡು ಸಲ ಹೇಳಿದೆ. ಅವನ ಕೈಯಲ್ಲಿ ಪೆನ್ನೇ ಇರಲಿಲ್ಲ, ತಲೆ ಮಾತ್ರ ಆಡಿಸುತ್ತಿದ್ದ. ಪತ್ರಿಕೆಯಲ್ಲಿ ಬಂದದ್ದು, ಹುಲ್ಲಿನ ಗಾಡಿ ಅಡ್ಡ ನುಗ್ಗಿದ್ದರಿಂದ ಜೆಟ್ಟುಗಳು ಕೂದಲೆಳೆಯಲ್ಲಿ ಪಾರಾದವು ಅಂತ. ಆ ವಾರವೇ ಗುತ್ತಿಗೆ ಬೇರೆಯವನ ಪಾಲಾಯಿತು. ಸಿರುಗುಪ್ಪ ಬಸ್‌ಸ್ಟ್ಯಾಂಡಿನಲ್ಲಿ ಭತ್ತದ ದಲ್ಲಾಳಿಯೊಬ್ಬ, “ಏನ್ರೀ ಸಾವ್ಕಾರ್ರ, ವಿಮಾನ ನಿಲ್ಲಿಸಿ ಹುಲ್ಲು ಮಾರಾಕ ಹೋಗಿದ್ರಂತ?” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನಸ್ಸಿನಲ್ಲಿ ದೀಪಾವಳಿಗೆ ಎಷ್ಟು ದಿನ ಉಳಿದಿದೆ ಎಂದು ಎಣಿಸುತ್ತಿದ್ದೆ.

ಯಾಕೆಂದರೆ ನಮ್ಮ ಕಡೆ ದೀಪಾವಳಿಗೆ ಗಿರಣಿಯವರು, ಅಂಗಡಿಯವರು ಪತ್ರಿಕೆಗೆ ಶುಭಾಶಯದ ಜಾಹೀರಾತು ಕೊಡುತ್ತಾರೆ. ಅದನ್ನು ತರುವವನು ವರದಿಗಾರನೇ. ವರ್ಷವಿಡೀ ಅವನ ಮನೆ ನಡೆಯುವುದು ಅದರ ಕಮಿಷನ್ ಮೇಲೆ. ನಾನು ಅವನಿಗಿಂತ ಹದಿನೈದು ದಿನ ಮೊದಲೇ ಹೊರಟೆ. ಕುರುಗೋಡು, ಸಿರುಗುಪ್ಪ, ಕರೂರು, ಒಂದು ಗಿರಣಿ ಬಿಡಲಿಲ್ಲ. ಪತ್ರಿಕೆ ಮರುದಿನ ರದ್ದಿ, ನಾನು ಅಚ್ಚು ಹಾಕಿಸುವ ಗೋಡೆಯ ಕ್ಯಾಲೆಂಡರಿನಲ್ಲಿ ನಿಮ್ಮ ಹೆಸರು ವರ್ಷವಿಡೀ ಇರುತ್ತದೆ ಎಂದು ಹೇಳಿ ಆರ್ಡರ್ ಹಿಡಿದೆ. ಬಳ್ಳಾರಿಯ ಪ್ರಿಂಟಿಂಗ್ ಪ್ರೆಸ್ಸಿನವನ ಜೊತೆ ಚೌಕಾಸಿ ಮಾಡಿ ಅಚ್ಚು ಹಾಕಲು ಒಪ್ಪಿಸಿದೆ.

ವರದಿಗಾರ ಎಲ್ಲ ಕಡೆ ಬರಿಗೈಯಾಗಿ ನನ್ನ ಹತ್ತಿರ ಬಂದ.

“ನನ್ನ ಹೊಟ್ಟಿ ಮ್ಯಾಲೆ ಯಾಕ ಹೊಡಿತೀರಿ?”

“ಗಾಡಿ ಎಲ್ಲಿತ್ತು ಹೇಳ್ರಿ.”

“ಬೇಲಿ ಆಚಿ,” ಅಂದ.

“ಅದನ್ನ ಬರೀರಿ.”

ಬರೆದ. ಹತ್ತಿಕಾಳಿನ ಧಾರಣೆಯ ಕೆಳಗೆ ಎರಡು ಸಾಲು. ಗುತ್ತಿಗೆ ತಿರುಗಿ ಬರಲಿಲ್ಲ. ಜಾಹೀರಾತೂ ಅವನಿಗೆ ಹೋಗಲಿಲ್ಲ, ಆ ವರ್ಷವೂ, ಮುಂದಿನ ವರ್ಷವೂ. ಕ್ಯಾಲೆಂಡರಿನ ವ್ಯಾಪಾರವನ್ನು ನಾನೇ ಇಟ್ಟುಕೊಂಡೆ. ಮೊದಲ ಪ್ರತಿ ಅವನ ಮನೆಗೆ ಪುಕ್ಕಟೆ ಕಳಿಸಿದೆ.

ನಿಮಗೂ ಇಷ್ಟು ಹೇಳುತ್ತೇನೆ. ಪತ್ರಿಕೆಯವನ ಕೈಯಲ್ಲಿ ಪೆನ್ನು ಕಾಣುವ ತನಕ ಬಾಯಿ ತೆರೆಯಬೇಡಿ. ಬರೆದದ್ದನ್ನು ಅಲ್ಲೇ ಓದಿಸಿ ಕೇಳಿ. ತಪ್ಪು ಅಚ್ಚಾದರೆ ಕೂಗಾಡಬೇಡಿ, ಅವನ ಅನ್ನ ಎಲ್ಲಿಂದ ಬರುತ್ತದೆ ಎಂದು ವಿಚಾರಿಸಿ. ತಿದ್ದುಪಡಿ ಬರೆಸಿಕೊಳ್ಳುವಾಗ ಬದಲಿಗೆ ಏನು ಕೊಡುತ್ತೀರೆಂದು ಮಾತ್ರ ಹೇಳಬೇಡಿ. ನಾನು ಹೇಳಿರಲಿಲ್ಲ.