ಬತ್ತಳಿಕೆಯ ತಳದಲ್ಲಿ ಓಟ್ಸ್

ಲೆಂಪಿ ನಿಸ್ಕನೆನ್ ಜೀವಮಾನದಲ್ಲಿ ಒಂದು ಬಾಣ ಬಿಟ್ಟವಳಲ್ಲ. ಆದರೂ ಬತ್ತಳಿಕೆಯ ಮಾತು ಬಂದಾಗ ಅವಳೆದುರು ಬಾಯಿ ತೆರೆಯುವ ಗಂಡಸು ಸುಪೀರಿಯರ್ ಸರೋವರದ ನಮ್ಮ ಈ ದಂಡೆಯಲ್ಲಿ ಇರಲಿಲ್ಲ. ಜಿಂಕೆ ಚರ್ಮದ ಕೈಗವಸು ಹೊಲಿಯುವುದು ಅವಳ ಕಸುಬು. ಮರ ಕಡಿಯುವವರು, ಹಿಮ ತಳ್ಳುವವರು, ಮೀನು ಹಿಡಿಯುವವರು ಎಲ್ಲರ ಕೈಗೂ ಅವಳದೇ ಹೊಲಿಗೆ. ಅಡುಗೆಮನೆಯ ಮೇಜಿನ ಮೇಲೆ ಕಾಫಿ ಲೋಟದ ಪಕ್ಕ ದಬ್ಬಣ, ಮೇಣ ಉಜ್ಜಿದ ದಾರ ಯಾವಾಗಲೂ ಬಿದ್ದಿರುತ್ತಿದ್ದವು. ಹೆಂಗಸಿಗೆ ಮಾತು ಕಡಿಮೆ, ಆಡಿದರೆ ಖಾರ.

ಗಂಡ ಆರ್ವಿಡ್ ಕೌಂಟಿಯ ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತನಾದವನು. ಅಕ್ಟೋಬರ್ ಬಂತೆಂದರೆ ಆ ಮನುಷ್ಯ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಬಂದೂಕು ಅವನಿಗೆ ಆಗದು, ರಾಟೆ ಕಟ್ಟಿದ ಹೊಸ ಕಾಲದ ಬಿಲ್ಲಂತೂ ಕಣ್ಣಿಗೇ ಆಗದು. ಹಳೆಯ ಉದ್ದ ಬಿಲ್ಲು, ದೇವದಾರು ಕಡ್ಡಿಯ ಬಾಣ, ಅದರ ತುದಿಗೆ ಕ್ಷೌರದ ಕತ್ತಿಯಷ್ಟು ಹರಿತವಾದ ಅಗಲ ಅಲಗು, ಇಷ್ಟೇ ಅವನ ಸರಂಜಾಮು. ಬಾಣಗಳನ್ನು ಹೊರಲು ಬೆನ್ನಿಗೆ ಹಾಕಿಕೊಳ್ಳುವ ಚರ್ಮದ ಬತ್ತಳಿಕೆ. ಮದುವೆಯಾದ ಹೊಸದರಲ್ಲಿ ಲೆಂಪಿಯೇ ಹೊಲಿದುಕೊಟ್ಟದ್ದು. ಅದರ ತಳಕ್ಕೆ ಅವಳು ಒಂದು ಗೇಣು ಓಟ್ಸ್ ಸುರಿಯುತ್ತಿದ್ದಳು, ಬೆಳಿಗ್ಗೆ ಗಂಜಿ ಕಾಯಿಸುವ ಓಟ್ಸೇ. ಅಲಗುಗಳು ಅದರಲ್ಲಿ ಹುದುಗಿ ಕೂತರೆ ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುವುದಿಲ್ಲ, ಬೇಗ ಮೊಂಡಾಗುವುದೂ ಇಲ್ಲ. ಬೆನ್ನಿಗೆ ಬತ್ತಳಿಕೆ ಹಾಕುವವರೆಲ್ಲ ನಮ್ಮ ಕಡೆ ಹೀಗೇ ಮಾಡುತ್ತಾರೆ.

ಹೊಲಿದುಕೊಟ್ಟವಳೇ ಆಮೇಲೆ ಅದರ ಶತ್ರುವಾದಳು. ಎಡವಿ ಬಿದ್ದರೆ ಆ ಚರ್ಮ ಅಲಗನ್ನು ತಡೆಯದು ಎಂಬುದು ಅವಳ ವಾದ. ಅದಕ್ಕೆ ಸಾಕ್ಷಿ ಪಕ್ಕದ ಮನೆಯ ಆಲ್ಸೀಡ್ ಬೋಷೇನ್. ಅವನು ಒದ್ದೆ ಬಂಡೆಯ ಮೇಲೆ ಜಾರಿ ಕೂತಾಗ ಅವನದೇ ಅಲಗು ಚರ್ಮ ಸೀಳಿಕೊಂಡು ಬಂದು ಕುಂಡಿಗೆ ನೆಟ್ಟಿತ್ತು. ಕ್ರಿಸ್‌ಮಸ್‌ವರೆಗೂ ಪುಣ್ಯಾತ್ಮ ಇಗರ್ಜಿಯಲ್ಲಿ ನಿಂತೇ ಪ್ರಾರ್ಥನೆ ಮಾಡಿದ. ಅಲ್ಲಿಂದೀಚೆಗೆ ತನ್ನ ಕಾರ್ ಶೆಡ್ಡಿನಲ್ಲಿ ತಾನೇ ಬಗೆಬಗೆಯ ಬತ್ತಳಿಕೆ ಮಾಡಿ ಮಾರಲು ಶುರು ಮಾಡಿದ. ಅಲಗಿಗೆ ಗಟ್ಟಿ ಟೊಪ್ಪಿ ಇರುವುದನ್ನು ತೊಗೋ ಎಂದು ಲೆಂಪಿ ಪ್ರತಿ ವರ್ಷ ಹೇಳುವಳು. ಜಪ್ಪಯ್ಯ ಅಂದರೂ ಆರ್ವಿಡ್ ಕಿವಿಗೆ ಹಾಕಿಕೊಳ್ಳನು. ಅಭ್ಯಾಸವಾದದ್ದು ಅಭ್ಯಾಸವಾಯಿತು ಅನ್ನುವನು, ಕಾದ ಕಲ್ಲಿನ ಹಬೆಸ್ನಾನದ ಸೌನಾಕ್ಕೆ ಹೋಗಿ ಕೂರುವನು.

ಆ ವರ್ಷ ವಸಂತದಲ್ಲಿ ಆರ್ವಿಡ್‌ಗೆ ಹೃದಯಾಘಾತವಾಯಿತು. ಬದುಕಿದ. ಒಬ್ಬನೇ ದೂರ ಹೋಗಬಾರದು, ನೋವು ಬಂದರೆ ನಾಲಿಗೆಯಡಿ ಮಾತ್ರೆ ಇಟ್ಟುಕೊಂಡು ಕೂತುಬಿಡಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು. ಬೇಟೆ ಬಿಡು ಎಂದರೆ ಬಿಡುವ ಜನ್ಮವಲ್ಲ ಅದು. ಕೊನೆಗೆ ಗಂಡ ಹೆಂಡಿರ ನಡುವೆ ಒಂದು ಒಪ್ಪಂದವಾಯಿತು. ಮನೆ ಹಿಂದಿನ ಹಳ್ಳದವರೆಗೆ ಹೋಗಬಹುದು, ಕೂಗಿದರೆ ಅಲ್ಲಿಗೆ ಕೇಳಿಸುತ್ತದೆ. ಹಳ್ಳ ದಾಟುವುದಿಲ್ಲ ಎಂದು ಆರ್ವಿಡ್ ಆಣೆ ಮಾಡಿದ. ಲೆಂಪಿ ಹೂಂ ಎಂದಳು, ಒಂದಕ್ಷರ ನಂಬಲಿಲ್ಲ. ಇಷ್ಟು ವರ್ಷ ಜೊತೆಗೆ ಬಾಳಿದವಳಿಗೆ ಗೊತ್ತಿರದೆ ಏನು!

ಬೇಟೆ ಶುರುವಾಗುವ ಮುನ್ನಾದಿನ ಅವನು ಪೇಟೆಗೆ ಹೋಗಿದ್ದಾಗ, ಅವಳು ದಬ್ಬಣದ ತುದಿಯಿಂದ ಬತ್ತಳಿಕೆಯ ತಳದ ಎರಡು ಹೊಲಿಗೆ ಬಿಚ್ಚಿದಳು. ಹೆಚ್ಚೇನಲ್ಲ, ಎರಡೇ. ಬಿದ್ದ ಮರ ಹತ್ತಿ ಇಳಿದಾಗ, ಇಳಿಜಾರಿನಲ್ಲಿ ಕಾಲು ಜಾರಿದಾಗ, ಒಂದು ಚಿಟಿಕೆ ಓಟ್ಸ್ ಉದುರುವಷ್ಟು. ಸಂಜೆ ಅವನು ಬಂದು ಬತ್ತಳಿಕೆಯನ್ನು ಮೊಳೆಗೆ ತೂಗುಹಾಕಿದ ಮೇಲೆ ಕೈ ಇಳಿಸಿ ನೋಡುವಳು. ಎಷ್ಟು ಖಾಲಿಯಾಗಿದೆಯೋ ಅಷ್ಟು ನಡೆದಿದ್ದಾನೆ. ಹಳ್ಳದವರೆಗೆ ಹೋಗಿ ಬಂದವನ ಬತ್ತಳಿಕೆ ಅರ್ಧ ಬರಿದಾಗುವುದು ಹೇಗೆ? ಒಂದು ದಿನ ಅವನು ಮಲಗಿದ್ದ ಹೊತ್ತಿನಲ್ಲಿ, ನೋಯುವ ಮಂಡಿಯನ್ನು ಎಳೆದುಕೊಂಡು ತಾನೇ ಹಳ್ಳದವರೆಗೆ ಹೋದಳು. ಈಚೆ ದಂಡೆಯಲ್ಲಿ ಓಟ್ಸ್ ಇತ್ತು. ಆಚೆ ದಂಡೆಯ ಪಾಚಿಯ ಮೇಲೂ ಇತ್ತು, ಒಂದು ಕಾಡುಕೋಳಿ ನೆಮ್ಮದಿಯಾಗಿ ಅದನ್ನು ಹೆಕ್ಕುತ್ತಿತ್ತು. ಲೆಂಪಿ ಮನೆಗೆ ಬಂದು ಗಂಡನಿಗೆ ಏನೂ ಹೇಳಲಿಲ್ಲ. ಹೇಳಿದರೆ ಅವನು ಇನ್ನೊಂದು ಸುಳ್ಳು ಹೇಳುತ್ತಾನೆ, ಅಷ್ಟೇ ತಾನೆ? ಎಲ್ಲಿಗೆ ಹೋಗುತ್ತಾನೆ ಎಂದು ಗೊತ್ತಿದ್ದರೆ ಹೋಗಿ ಎತ್ತಿಕೊಂಡಾದರೂ ಬರಬಹುದು. ಓಟ್ಸ್ ಡಬ್ಬ ತೆಗೆದು ಬತ್ತಳಿಕೆಗೆ ಮತ್ತೆ ಗೇಣುದ್ದ ತುಂಬಿಸಿದಳು.

ಇದು ಹೀಗೇ ನಡೆಯುತ್ತಿತ್ತೇನೋ. ಆದರೆ ಒಂದು ಸಂಜೆ ಆರ್ವಿಡ್ ಬತ್ತಳಿಕೆಯ ತಳಕ್ಕೆ ಬೆರಳು ಹಾಕಿ ನೋಡಿದ.

"ಸೋರ್ತಾ ಇದೆ ಕಣೇ. ಅಲಗು ಕೊಯ್ದಿರ್ಬೇಕು. ನೀನು ಇಷ್ಟು ವರ್ಷ ಬಡ್ಕೊಂಡಿದ್ದೇ ಸರಿ ಅನ್ಸುತ್ತೆ. ನಾಳೆ ಆಲ್ಸೀಡ್ ಹತ್ರ ಹೊಸದು ನೋಡೋಣ."

ಈ ಮಾತು ಕೇಳಲು ಲೆಂಪಿ ಜೀವಮಾನವಿಡೀ ಕಾದಿದ್ದಳು. ಈಗ ಕೇಳಿದವಳೇ ಬತ್ತಳಿಕೆಯನ್ನು ಅವನ ಕೈಯಿಂದ ಕಿತ್ತುಕೊಂಡಳು. ನಾನೇ ಹೊಲಿದುಕೊಡುತ್ತೇನೆ ಬಿಡು ಎಂದಳು. ಅವನು ಬಿಡಲಿಲ್ಲ, ಮರುದಿನ ಅವಳನ್ನೂ ಕರೆದುಕೊಂಡು ಹೋದ.

ಆಲ್ಸೀಡನ ಶೆಡ್ಡಿನಲ್ಲಿ ಗೋಡೆ ತುಂಬ ಬತ್ತಳಿಕೆಗಳು. ಸೊಂಟಕ್ಕೆ ಕಟ್ಟುವುದನ್ನು ಆರ್ವಿಡ್ ಮೊದಲು ನೋಡಿದ. ಪೊದೆಯಲ್ಲಿ ನುಗ್ಗಿದರೆ ಪ್ರತಿ ಕೊಂಬೆಗೂ ಸಿಕ್ಕಿಕೊಳ್ಳುತ್ತದೆ ಎಂದು ಕೆಳಗಿಟ್ಟ. ಕಂಕುಳಡಿ ನೇತಾಡುವುದು ಸದ್ದಿಲ್ಲದ್ದು, ಆದರೆ ಅದರ ಪಟ್ಟಿ ಎದೆಯ ಮೇಲೆ ಬಿಗಿಯುತ್ತಿತ್ತು. ಎದೆಯ ಮಾತು ಬಂದದ್ದೇ ಮೂವರೂ ಬೇರೆ ಕಡೆ ನೋಡಿದರು. ಉಳಿದದ್ದು ಬಿಲ್ಲಿಗೇ ತಿರುಪಿನಿಂದ ಕೂರಿಸುವಂಥದ್ದು. ಅಲಗುಗಳು ಗಟ್ಟಿ ಟೊಪ್ಪಿಯೊಳಗೆ, ದಪ್ಪ ಸ್ಪಂಜಿನಲ್ಲಿ ಮುಳುಗಿ ಕೂರುತ್ತವೆ, ಓಟ್ಸಿನ ಹಂಗೇ ಇಲ್ಲ. ಬಾಣದ ಕಡ್ಡಿಗಳನ್ನು ರಬ್ಬರ್ ಕಚ್ಚಿ ಹಿಡಿಯುತ್ತದೆ. ಕೈ ಬೆನ್ನಿಗೆ ಎತ್ತುವ ಕೆಲಸವಿಲ್ಲ, ಬೆರಳ ತುದಿಯಲ್ಲೇ ಬಾಣ. ಬಿದ್ದರೂ ಅಲಗು ಯಾರನ್ನೂ ಮುಟ್ಟದು.

ಲೆಂಪಿ ಅದರಲ್ಲಿ ಹುಳುಕು ಹುಡುಕಲು ಶುರು ಮಾಡಿದಳು. ಬಿಲ್ಲು ಭಾರವಾಗುತ್ತದೆ ಎಂದಳು, ಬಾಣ ಬಿಟ್ಟಾಗ ಟಕ್ ಎಂದು ಸದ್ದಾಗುತ್ತದೆ ಎಂದಳು, ಬಿಸಿಲಿಗೆ ಬಾಣದ ಗರಿ ಹೊಳೆದರೆ ಜಿಂಕೆಗೆ ಕಾಣುತ್ತದೆ ಎಂದಳು. ಆಲ್ಸೀಡ್ ಬಾಯಿ ಬಿಟ್ಟು ನೋಡುತ್ತ ನಿಂತ.

"ಅಲ್ಲ ಮಾರಾಯ್ತಿ, ಗಂಡನಿಗೆ ಟೊಪ್ಪಿ ಇರೋದೇ ಕೊಡಿಸು ಅಂತ ಇಷ್ಟು ವರ್ಷ ನನ್ನ ಕಿವಿ ತಿಂದವಳು ನೀನಲ್ವಾ? ನನ್ನ ಕುಂಡಿ ಕಥೆ ಊರಿಗೆಲ್ಲ ಹೇಳಿದವಳೂ ನೀನೇ. ಈಗ ಏನಾಯ್ತು ನಿಂಗೆ?"

ಆ ಬತ್ತಳಿಕೆ ಎಲ್ಲ ರೀತಿಯಲ್ಲೂ ಸರಿಯಾದದ್ದೇ ಆಗಿತ್ತು, ತಾಪತ್ರಯವೇ ಅದು. ಆರ್ವಿಡ್ ಹೆಂಡತಿಯ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಅದನ್ನೇ ಕಟ್ಟಿಸಿಕೊಂಡ.

ವಾಪಸು ಬರುವಾಗ ದಾರಿಯಲ್ಲಿ ಅವಳಿಗೆ ತಡೆಯಲಾಗಲಿಲ್ಲ.

"ಆ ಹೊಲಿಗೆ ಬಿಚ್ಚಿದ್ದು ಅಲಗಲ್ಲ, ನಾನು."

ಆರ್ವಿಡ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಕೆಂಪಾಯಿತು.

"ದನದ ಕೊರಳಿಗೆ ಗಂಟೆ ಕಟ್ಟಿದ ಹಾಗೆ ಮಾಡಿದ್ಯಲ್ಲೇ ನಂಗೆ."

"ದನ ಆಣೆ ಮಾಡಿ ಹಳ್ಳ ದಾಟಲ್ಲ" ಎಂದಳು ಲೆಂಪಿ.

ಮರುದಿನ ಶನಿವಾರ. ಅವನು ಹೊಸ ಬತ್ತಳಿಕೆಯನ್ನು ಬಿಲ್ಲಿಗೆ ಕೂರಿಸಿಕೊಂಡು, ಮಾಂಸದ ಕಡುಬೊಂದನ್ನು ಜೇಬಿಗೆ ತುರುಕಿಕೊಂಡು ಹೊರಟ. ಹಳೆಯದು ಮೊಳೆಗೆ ನೇತಾಡುತ್ತ ಉಳಿಯಿತು.

ಶನಿವಾರ ಸೌನಾದ ದಿನ. ಏನೇ ಆದರೂ ಆರ್ವಿಡ್ ಒಲೆ ಕಾಯುವ ಹೊತ್ತಿಗೆ ಬಂದೇ ಬರುವನು. ಅವತ್ತು ಕಲ್ಲು ಕಾದವು, ಸೌದೆ ಬೂದಿಯಾಯಿತು, ಅವನ ಸುಳಿವಿಲ್ಲ. ಹೊತ್ತು ಇಳಿಯುತ್ತಿತ್ತು. ಲೆಂಪಿ ಆಲ್ಸೀಡನನ್ನು ಎಳೆದುಕೊಂಡು ಹಳ್ಳಕ್ಕೆ ಓಡಿದಳು, ಮಂಡಿ ನೋವು ನೆನಪಿಗೇ ಬರಲಿಲ್ಲ. ಹಳ್ಳದಾಚೆ ದಾರಿ ಮೂರಾಗುತ್ತದೆ. ಒಂದು ದೇವದಾರು ಗುಡ್ಡಕ್ಕೆ, ಒಂದು ಜೌಗಿಗೆ, ಒಂದು ಹಳೆಯ ಗಣಿಯ ಕಡೆಗೆ. ಆಲ್ಸೀಡ್ ಯಾವ ಕಡೆ ಎಂದು ಕೇಳಿದ.

"ಮೊನ್ನೆವರೆಗೂ ನಂಗೆ ಗೊತ್ತಿತ್ತು" ಎಂದಳು ಲೆಂಪಿ. ಬಗ್ಗಿ ಪಾಚಿಯ ಮೇಲೆ ಕೈಯಾಡಿಸಿದಳು. ಒಂದು ಕಾಳಿರಲಿಲ್ಲ. ಹಳೆಯದನ್ನೆಲ್ಲ ಕಾಡುಕೋಳಿ ತಿಂದು ಮುಗಿಸಿತ್ತು.

ಇಬ್ಬರೂ ಕೂಗಿದರು, ಮತ್ತೆ ಕೂಗಿದರು. ಆಲ್ಸೀಡ್ ಗಣಿಯ ದಾರಿಯಲ್ಲಿ ಸ್ವಲ್ಪ ದೂರ ಹೋಗಿ ಬಂದ. ಬೆಳಕು ಮರಗಳ ತುದಿಗೆ ಸರಿದಾಗ ಗುಡ್ಡದ ಕಡೆಯಿಂದ ಆರ್ವಿಡ್ ಬಂದ, ಬಿಲ್ಲನ್ನು ಊರುಗೋಲು ಮಾಡಿಕೊಂಡು, ಹತ್ತು ಹೆಜ್ಜೆಗೊಮ್ಮೆ ನಿಂತು. ಮುಖ ಬೂದಿಯ ಬಣ್ಣ. ಹಳ್ಳ ದಾಟಿಸುವಾಗ ಅವನು ಕೇಳಿದ್ದು ಒಂದೇ, ಸೌನಾ ಆರಿಹೋಯಿತಾ ಎಂದು.

ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ಕಳಿಸಿದರು. ಮನೆಗೆ ಬಂದ ಮೇಲೆ, ಅವಳು ಕೇಳದೆಯೇ ಅವನು ಹೇಳಿದ. ಗುಡ್ಡದ ನೆತ್ತಿಯಲ್ಲಿ ಎದೆ ಹಿಡಿದುಕೊಂಡಿತಂತೆ. ಮಾತ್ರೆ ಇಟ್ಟುಕೊಂಡು ಮರಕ್ಕೆ ಒರಗಿ ಕೂತನಂತೆ. ಕೂತಲ್ಲಿಂದ ತಾನು ಬಂದ ದಾರಿಯನ್ನೇ ನೋಡುತ್ತಿದ್ದನಂತೆ.

"ನೋವಿಗೆ ಹೆದರಿಕೆ ಆಗ್ಲಿಲ್ಲ ಲೆಂಪಿ. ದಾರಿ ಖಾಲಿ ಇತ್ತು, ಒಂದು ಕಾಳೂ ಬಿದ್ದಿರ್ಲಿಲ್ಲ, ಅದಕ್ಕೆ ಹೆದರಿಕೆ ಆಯ್ತು."

ಲೆಂಪಿ ಬೈಯಲಿಲ್ಲ. ಕೈಯಲ್ಲಿದ್ದ ಕೈಗವಸನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಅವಳು ಅತ್ತದ್ದನ್ನು ಆರ್ವಿಡ್ ಕಂಡದ್ದು ಅಪರೂಪ.

ಇನ್ನು ಬೇಟೆಯ ಮಾತೇ ಇಲ್ಲ ಎಂದುಕೊಂಡಿದ್ದಳು. ಮರದ ಎಲೆಯೆಲ್ಲ ಉದುರಿದ ಮೇಲೆ ಒಂದು ಬೆಳಿಗ್ಗೆ ಅವನು ಬೂಟು ಕಟ್ಟಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತ. ಬಿಲ್ಲಿನ ಮೇಲೆ ಹೊಸ ಬತ್ತಳಿಕೆ, ಅಲಗುಗಳೆಲ್ಲ ಟೊಪ್ಪಿಯೊಳಗೆ. ಕೈಯಲ್ಲಿ ಹಳೆಯದು, ಒಂದು ಬಾಣವೂ ಇಲ್ಲದೆ.

"ಆಣೆ ಗೀಣೆ ಮಾಡಲ್ಲ. ಇದನ್ನ ತುಂಬು" ಎಂದ.

ಲೆಂಪಿ ಬತ್ತಳಿಕೆಯನ್ನು ಇಸಿದುಕೊಂಡು ಅಭ್ಯಾಸಬಲದಿಂದ ತಳವನ್ನು ತಡವಿದಳು. ಅವಳು ಬಿಚ್ಚಿದ್ದು ಎರಡು ಹೊಲಿಗೆ. ಈಗ ಅಲ್ಲಿ ಮೂರು ಬಿಚ್ಚಿದ್ದವು. ಮೂರನೆಯದನ್ನು ದಬ್ಬಣದಿಂದ ಬಿಡಿಸಿರಲಿಲ್ಲ, ಹೊಲಿಗೆ ಗೊತ್ತಿಲ್ಲದ ಯಾರೋ ಚಾಕುವಿನಿಂದ ಒರಟಾಗಿ ಕತ್ತರಿಸಿದ್ದರು. ಅವಳು ತಲೆ ಎತ್ತಲಿಲ್ಲ. ಡಬ್ಬ ತೆಗೆದು ಇದ್ದಬದ್ದ ಓಟ್ಸನ್ನೆಲ್ಲ ಸುರಿದಳು. ಅವತ್ತು ಆ ಮನೆಯಲ್ಲಿ ಗಂಜಿ ಕಾಯಿಸಲಿಲ್ಲ.