ಅಡುಗೆಮನೆಗೆ ತಡವಾಗಿ ಬಂದ ಮಾತು

“ಹಾಲ್‌ನ್ಯಾಗ ಸೂಜಿ ಬಿದ್ರ ಅಡಿಗಿಮನ್ಯಾಗ ಅದೇ ಗಳಿಗಿಗೆ ಕೇಳಬೇಕು. ಕೂದಲೆಳಿಯಷ್ಟೂ ತಡ ಆಗಂಗಿಲ್ಲ. ವಿಮಾನ ರಿಪೇರಿ ಮಾಡಿದ ಕೈ ಇದು!” ಎಂದು ಕೇಶವಮೂರ್ತಿಗಳು ಸಾರಿದಾಗ ನಾಸಿಕದ ಹತ್ತಿರದ ಓಝರ್ ವಿಮಾನ ಕಾರ್ಖಾನೆಯ ಕಾಲನಿಯ ಹಲ್ಲಿಗಳೆಲ್ಲ ಒಟ್ಟಿಗೆ ಲೊಚಗುಟ್ಟಿದವು.

ಅದು ೨೦೦೯. ಮನೆಗೆ ಹೊಸ ಕಂಪ್ಯೂಟರ್ ಬಂದಿತ್ತು. ಹಳೆಯದನ್ನು ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ಹಾಕಲು ಹೊರಟರೆ ಹೆಂಡತಿ ಗುಣವತಿಬಾಯಿ ಬಾಗಿಲಿಗೆ ಅಡ್ಡ ನಿಂತರು.

“ಅಡಿಗಿಮನ್ಯಾಗ ಇಡ್ರಿ. ರೊಟ್ಟಿ ಬಡಿಯೂಮುಂದ ನನಗ ಭಜನಿ ಕೇಳಬೇಕು. ಇಷ್ಟು ವರ್ಷ ಕುಕ್ಕರಿನ ಸೀಟಿ ಕೇಳಿದ್ದು ಸಾಕು.”

ಗುಣವತಿಬಾಯಿ ಗದಗಿನವರು. ಮದುವೆಗೆ ಮೊದಲು ಸಾಲಿಯಲ್ಲಿ ಟೀಚರ್ ಆಗಿದ್ದರು. ಅವರು ‘ಶ್!’ ಅಂದರೆ ಮಕ್ಕಳಷ್ಟೇ ಅಲ್ಲ, ಸ್ಟೇಷನ್ನಿನಲ್ಲಿ ಇಂಜಿನ್ನೂ ಸುಮ್ಮನಾಗುತ್ತಿತ್ತಂತೆ. ಆದರೆ ಹೆಣ್ಣು ನೋಡುವ ದಿನ ಅವರು ಒಳಗೆ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಾಗ ಹೊರಗೆ ಅಪ್ಪನೂ ಮಾವನೂ ‘ಹೂಂ’, ‘ಹೂಂ’ ಅಂದುಕೊಂಡು ಆ ನೌಕರಿ ಬಿಡಿಸುವ ಮಾತು ಮುಗಿಸಿದ್ದರು. ಅವರಿಗೆ ಅದು ಗೊತ್ತಾದದ್ದು ಕೊರಳಿಗೆ ತಾಳಿ ಬಿದ್ದ ಮೇಲೆ.

ಹಳೆಯ ಕಂಪ್ಯೂಟರಿನ ಹೊಟ್ಟೆಯಲ್ಲಿ ಒಂದು ಹಾಡಿಗೂ ಜಾಗವಿರಲಿಲ್ಲ. ಕೇಶವಮೂರ್ತಿಗಳು ಎರಡರ ನಡುವೆ ಕೇಬಲ್ ಎಳೆದರು. ಹಾಡನ್ನು ನೇರವಾಗಿ ಕಳಿಸುವ ದಾರಿ ಹುಡುಕಿ ಹುಡುಕಿ ಸಿಗದೆ, ಹಾಲ್‌ನಲ್ಲಿದ್ದ ಹೊಸ ಕಂಪ್ಯೂಟರಿನ ಸ್ಪೀಕರಿನ ಬಾಯಿಗೇ ಒಂದು ಮೈಕು ಕಟ್ಟಿಬಿಟ್ಟರು. ಮೈಕು ಕೇಳಿದ್ದೆಲ್ಲ ಕೇಬಲ್ಲಿನಲ್ಲಿ ಹರಿದು ಅಡುಗೆಮನೆಗೆ ಬಂತು. ನೇರವಾಗಿ ಬರಲಿಲ್ಲ ಅನ್ನಿ; ಮನ್ಮಾಡ್ ಜಂಕ್ಷನ್ನಿನಲ್ಲಿ ಸಿಗ್ನಲ್ಲಿಗೆ ಕಾದ ಪ್ಯಾಸೆಂಜರ್ ಗಾಡಿಯಂತೆ ಮೂರು ಸೆಕೆಂಡು ತಡೆದು ಬಂತು.

“ತಡ ಬರ್ತದಲ್ರೀ?”

“ನಿನ್ನ ಕಿವಿ ತಡ ಅವ,” ಎಂದರು ಯಜಮಾನರು.

ಭಜನೆಯ ಜೊತೆಗೆ ಯಜಮಾನರ ಆಕಳಿಕೆ, ಫೋನಿನ ಹರಟೆಗಳೂ ಒಳಗೆ ಬರುತ್ತಿದ್ದವು. ಗುಣವತಿಬಾಯಿ ಅದನ್ನು ಯಾರಿಗೂ ಹೇಳಲಿಲ್ಲ.

ಒಂದು ಭಾನುವಾರ, ಈಗ ಸಂಭಾಜಿನಗರ ಅನ್ನುವ ಆಗಿನ ಔರಂಗಾಬಾದಿನಿಂದ ಕೃಷ್ಣರಾಜರು ಬಂದರು. ತಮ್ಮ ಮಗನಿಗೆ ಈ ಮನೆಯ ಮಗಳು ಹರ್ಷಿಣಿಯನ್ನು ತಂದುಕೊಳ್ಳುವ ಮಾತು ಪಕ್ಕಾ ಮಾಡಬೇಕಿತ್ತು. ಹರ್ಷಿಣಿ ನಾಸಿಕದ ಅಂಬಡದ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ನೌಕರಿ ಬಿಡುವುದಿಲ್ಲ ಎಂದು ಮೊದಲೇ ಹೇಳಿದ್ದಳು.

“ಬಿಡಬ್ಯಾಡವ್ವಾ! ನಾವು ಮಾಡರ್ನ್ ಮಂದಿ,” ಎಂದು ಕೃಷ್ಣರಾಜರು ನಕ್ಕರು. ತಾಯಿ, ಮಗಳು ಚಹಾಕ್ಕೆಂದು ಒಳಗೆ ಹೋದ ಕೂಡಲೇ ಮೈಕಿನ ಪಕ್ಕದ ಸೋಫಾದಲ್ಲಿ ಬಗ್ಗಿ ಪಿಸುಗುಟ್ಟಿದರು: “ಮದುವಿ ಆಗಲಿ, ಆಮ್ಯಾಲೆ ನೌಕರಿ ಬಿಡಸೋಣ. ಏನಂತೀರಿ?”

“ಹೂಂ,” ಎಂದರು ಕೇಶವಮೂರ್ತಿಗಳು.

ಮೂರು ಸೆಕೆಂಡಿನ ಮೇಲೆ ಆ ಪಿಸುಮಾತೂ ಆ ಹೂಂ ಕೂಡ ಅಡುಗೆಮನೆಯ ಸ್ಪೀಕರಿನಲ್ಲಿ ಮೆಲ್ಲಗೆ ಬಂದವು. ಹರ್ಷಿಣಿಯ ಕೈಯೊಳಗಿನ ಚಹಾದ ಕಪ್ಪು ಅಲ್ಲೇ ನಿಂತಿತು. ಆ ಹೂಂ ಗುಣವತಿಬಾಯಿಗೆ ಹಳೆಯ ಪರಿಚಯ. ಅವರು ಸ್ಪೀಕರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರು.

“ಆದ್ರ ಈಗ ಒಳಗ ಗೊತ್ತಾಗಬಾರದು, ನೋಡ್ರಿ,” ಎಂದರು ಕೃಷ್ಣರಾಜರು.

ಒಂದು. ಎರಡು. ಮೂರು.

“ಆದ್ರ ಈಗ ಒಳಗ ಗೊತ್ತಾಗಬಾರದು, ನೋಡ್ರಿ!” ಎಂದು ಒಳಗಿನಿಂದ ಅವರದೇ ದನಿ ಗುಡುಗಿತು. ದೂರದ ಘೋಟಿ ಊರಿನ ಸಂತೆಯ ಎತ್ತುಗಳು ಹಗ್ಗ ಹರಿದುಕೊಂಡವು. ದೌಲತಾಬಾದ್ ಕೋಟೆ ಹತ್ತುತ್ತಿದ್ದವರು ತೋಪು ಹಾರಿತೆಂದು ಕೂತುಬಿಟ್ಟರು.

“ಏನ್ರೀ ಇದು?” ಕೃಷ್ಣರಾಜರ ಮುಖ ಸುಣ್ಣವಾಯಿತು.

“ಅದು… ಒಂದೀಟು ತಡ ಆಗಿ ಕೇಳಸ್ತದರಿ,” ಎಂದರು ವಿಮಾನದ ಕೈಯವರು.

ಗುಣವತಿಬಾಯಿ ಚಹಾದ ಟ್ರೇ ಹಿಡಿದು ಹೊರಬಂದರು. ಹಿಂದೆ ಹರ್ಷಿಣಿ. ಕೃಷ್ಣರಾಜರು ಸಾವರಿಸಿಕೊಂಡು ಗದರಿಸಿದರು: “ಗಂಡಸರ ಮಾತು ಕದ್ದು ಕೇಳೋದು ಹೆಣ್ಮಕ್ಕಳಿಗೆ ಶೋಭಾ ಅಲ್ರಿ!”

“ಕದ್ದು ಯಾಕ ಕೇಳ್ಲಿ? ನಮ್ಮ ಮನಿಯವರೇ ಕೇಬಲ್ ಎಳದು ಕೊಟ್ಟಾರ. ಕದ್ದು ಆಡಿದವರು ನೀವು. ಚಹಾ ಕುಡದು ಹೊಂಡ್ರಿ, ಮನ್ಮಾಡದಾಗ ಗಾಡಿ ತಪ್ಪೀತು.”